ಎಲ್ಲರಿಗೂ ಹಾಕುವ ಗ್ಲೌಸೇ ನನಗೂ ಸಾಕು

ಬೆಂಗಳೂರಿನಲ್ಲಿ ನರ್ಸಿಂಗ್ ಹೋಂ, ಖಾಸಗಿ ಆಸ್ಪತ್ರೆ, ಹಲ್ಲಿನ ಕ್ಲಿನಿಕ್ ನಡೆಸುತ್ತಿರುವ ಎಲ್ಲ ಡಾಕ್ಟರ್‌ಗಳಿಗೆ ನನ್ನ ನಮಸ್ಕಾರ.

ನಾನು ಟೈಲರ್. ಸುಂಕದಕಟ್ಟೆ ಕಡೆ ಬಾಡಿಗೆ ಮನೆ. ಮುಂದಿನ ರೂಮಿನಲ್ಲಿ ಎರಡು ಮಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್, ಕುಚ್ಚು ಹಾಕಿಕೊಡುತ್ತೇನೆ. ವಯಸ್ಸು 45. ನನಗೆ ಎಚ್‌ಐವಿ ಇದೆ. 2006ರಲ್ಲಿ, ಬಸುರಿಯಾಗಿದ್ದಾಗ ಮಾಡಿಸಿದ ಟೆಸ್ಟಿನಲ್ಲಿ ಗೊತ್ತಾಯಿತು. ಈ ಪತ್ರದ ಕೊನೆಗೆ ಹೆಸರು ಹಾಕಬೇಕು ಅಂತ ಬಹಳ ಇತ್ತು. ಆದರೆ ಮನೆ ನನ್ನದಲ್ಲ, ಮಗ ಇನ್ನೂ ಓದುತ್ತಿದ್ದಾನೆ. ಹಾಗಾಗಿ ಹಾಕಿಲ್ಲ.

ಇದನ್ನು ಓದುತ್ತಿರುವವರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ಏನು ಅಂತ ನನಗೆ ಗೊತ್ತು. ಈಕೆಗೆ ಹೇಗೆ ಬಂತು? ಅದನ್ನು ನಾನು ಹೇಳುವುದಿಲ್ಲ. ಶುಗರ್ ಇರುವವರನ್ನು, ಟೈಫಾಯ್ಡ್ ಆದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಗಂಡನಿಂದ ಬಂತು ಅಂದರೆ ‘ಅಯ್ಯೋ ಪಾಪ’ ಅನ್ನುತ್ತಾರೆ. ಬೇರೆ ಥರ ಬಂತು ಅಂದರೆ ‘ಆಗಬೇಕಾದ್ದೇ’ ಅನ್ನುತ್ತಾರೆ. ಎಚ್‌ಐವಿಗೆ ಮಾತ್ರೆ ಕೊಡುವ ಸರ್ಕಾರಿ ಎಆರ್‌ಟಿ ಸೆಂಟರ್‌ನ ಬೆಂಚಿನ ಮೇಲೆ ಇಷ್ಟು ವರ್ಷ ಕೂತಿದ್ದೇನೆ. ಪಾಪದವರೂ ಆಗಬೇಕಾದವರೂ ಅಲ್ಲಿ ತಗೊಳ್ಳುವುದು ಒಂದೇ ಮಾತ್ರೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ದೀಪಾವಳಿಗೆ ಮುಂಚೆ ನನಗೆ ಹೊಟ್ಟೆನೋವು ಶುರುವಾಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡರೆ ಬೆನ್ನಿನವರೆಗೂ ಎಳೆಯುತ್ತಿತ್ತು. ಸ್ಕ್ಯಾನ್ ಮಾಡಿಸಿದರೆ ಗಾಲ್‌ಬ್ಲ್ಯಾಡರ್‌ನಲ್ಲಿ ಕಲ್ಲು. ಮನೆಗೆ ಹತ್ತಿರದ ಒಂದು ನರ್ಸಿಂಗ್ ಹೋಂಗೆ ಹೋದೆ. ಡಾಕ್ಟರ್ ಒಳ್ಳೆಯವರು. ಹೊಟ್ಟೆ ಒತ್ತಿ ನೋಡಿದರು, ಕೀಹೋಲ್ ಆಪರೇಷನ್ ಅಂದರು, ಗುರುವಾರ ಬನ್ನಿ ಅಂತ ದಿನವನ್ನೂ ಕೊಟ್ಟರು. ಕೌಂಟರ್‌ನಲ್ಲಿ 2,000 ರೂಪಾಯಿ ಅಡ್ವಾನ್ಸ್ ಕಟ್ಟಿ ಮತ್ತೆ ಒಳಗೆ ಹೋದೆ. ‘ಸರ್, ಒಂದು ವಿಷಯ ಹೇಳಬೇಕು’ ಅಂದೆ. ಹೇಳಿದೆ.

ಅವರು ಪೆನ್ನಿನ ಕ್ಯಾಪ್ ಮುಚ್ಚಿದರು. ಅದೇ ನನಗೆ ಇವತ್ತಿಗೂ ನೆನಪಿರುವುದು. ಬರೆಯುತ್ತಿದ್ದ ಸಾಲು ಅರ್ಧಕ್ಕೇ ನಿಂತಿತ್ತು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು, ಹತ್ತು ನಿಮಿಷದ ಹಿಂದೆ ನನ್ನ ಹೊಟ್ಟೆ ಒತ್ತಿದ ಕೈ. ಮೇಜಿನ ಮೇಲಿದ್ದ ಸ್ಯಾನಿಟೈಸರ್ ಹಾಕಿಕೊಂಡು ಉಜ್ಜಿದರು. ‘ನಮ್ಮಲ್ಲಿ ಅದಕ್ಕೆ ವ್ಯವಸ್ಥೆ ಇಲ್ಲಮ್ಮ. ದೊಡ್ಡ ಆಸ್ಪತ್ರೆಗೆ ಹೋಗಿಬಿಡಿ’ ಅಂದರು. ಬೈಯಲಿಲ್ಲ, ದನಿ ಏರಿಸಲಿಲ್ಲ. ಕೌಂಟರ್‌ನ ಹುಡುಗಿ ನಾಲ್ಕು ನೋಟನ್ನು ನನ್ನ ಕೈಗೆ ಕೊಡದೆ ಗಾಜಿನ ಮೇಲಿಟ್ಟು ಬೆರಳಿನಿಂದ ನನ್ನ ಕಡೆ ತಳ್ಳಿದಳು. ಅರ್ಧ ಗಂಟೆ ಮುಂಚೆ ನನ್ನ ಕೈಯಿಂದಲೇ ಇಸ್ಕೊಂಡಿದ್ದಳು.

ಎರಡನೇ ಜಾಗ ಬೇರೆ ಏರಿಯಾದಲ್ಲಿ. ಅವರು ಒಪ್ಪಿಕೊಂಡರು. ಆದರೆ ‘ಸ್ಪೆಷಲ್ ಕಿಟ್’ ಅಂತ 8,000 ರೂಪಾಯಿ ಜಾಸ್ತಿ ಬರೆದರು. ಬಿಲ್ಲಿನಲ್ಲಿ ಅದು ಬೇರೆ ಏನೋ ಹೆಸರಿನಲ್ಲಿ ಬಂತು. ನನ್ನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ, ಬಾಗಿಲಿನಿಂದಲೇ ಓದುವಷ್ಟು ದಪ್ಪಗೆ ಬರೆದು ಮಂಚದ ಕಾಲಿನ ಹತ್ತಿರ ನೇತುಹಾಕಿದರು. ಪಕ್ಕದ ಮಂಚದ ಅಜ್ಜಿಯನ್ನು ನೋಡಲು ಬಂದಿದ್ದ ಸೊಸೆ ಅದನ್ನು ಓದಿದಳು. ಏನೂ ಅನ್ನಲಿಲ್ಲ. ನನ್ನ ಕಡೆಯಿದ್ದ ಟಿಫನ್ ಕ್ಯಾರಿಯರ್ ಎತ್ತಿ ಆ ಕಡೆ ಕಿಟಕಿಯಲ್ಲಿಟ್ಟಳು, ಅಷ್ಟೇ. ಹಿಂದಿನ ರಾತ್ರಿ ಹತ್ತು ಗಂಟೆಗೆ ಊಟ ನಿಲ್ಲಿಸಿದ್ದೆ. ಮಾರನೇ ದಿನ ನನ್ನ ಸರದಿ ಬಂದಿದ್ದು ಸಂಜೆ ಐದಕ್ಕೆ. ‘ಇವರದ್ದು ಲಾಸ್ಟ್‌ಗೆ ಇಡಬೇಕು, ಆಮೇಲೆ ಓಟಿ ತೊಳೀಬೇಕಲ್ಲ’ ಅಂತ ವಾರ್ಡ್‌ಬಾಯ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಆಪರೇಷನ್ ಚೆನ್ನಾಗಿ ಆಯಿತು. ಮೂರನೇ ದಿನ ಮನೆಗೆ ಬಂದೆ. ಅದಕ್ಕೆ ಆ ಡಾಕ್ಟರ್‌ಗೆ ನಾನು ಋಣಿ, ಈಗಲೂ.

ಅಲ್ಲಿ ರಾತ್ರಿ ಪಾಳಿಗೆ ಒಬ್ಬ ನರ್ಸ್ ಬರುತ್ತಿದ್ದಳು. ಇಪ್ಪತ್ತನಾಲ್ಕು, ಇಪ್ಪತ್ತೈದು ವರ್ಷ ಇರಬಹುದು, ಉತ್ತರ ಕರ್ನಾಟಕದ ಮಾತು. ಹಗಲಿನವರು ಎರಡೆರಡು ಗ್ಲೌಸ್ ಹಾಕಿಕೊಂಡು, ಕೈ ಉದ್ದ ಮಾಡಿ ದೂರದಿಂದಲೇ ಡ್ರಿಪ್ ಸರಿಮಾಡುತ್ತಿದ್ದರು. ಈ ಹುಡುಗಿ ಮಂಚದ ಅಂಚಿನಲ್ಲಿ ಕೂತು, ಒಂದು ಜೊತೆ ಗ್ಲೌಸ್ ಹಾಕಿಕೊಂಡು ನನ್ನ ಮುಂಗೈ ಹಿಡಿದು ನರ ಹುಡುಕಿದಳು. ನಾನೇ ಕೇಳಿದೆ, ‘ನನ್ನ ಫೈಲ್ ನೋಡಿದೀಯಲ್ವಾ ತಾಯಿ?’ ಅಂತ. ‘ನೋಡೀನಕ್ಕ. ಎಲ್ಲಾರಿಗೂ ಇದೇ ಗ್ಲೌಸ್. ನಿಮಗ್ಯಾಕ ಬ್ಯಾರೆ?’ ಅಂದಳು. ಆಮೇಲೆ ಅಜ್ಜಿಯ ಮಂಚಕ್ಕೆ ಹೋಗುವ ಮುಂಚೆ ಆ ಗ್ಲೌಸ್ ತೆಗೆದು, ಕೈ ತೊಳೆದು, ಹೊಸ ಜೊತೆ ಹಾಕಿಕೊಂಡಳು.

ಡಾಕ್ಟರ್‌ಗಳೇ, ನಾನು ಕೇಳುತ್ತಿರುವುದು ಇಷ್ಟನ್ನೇ. ಆ ಹುಡುಗಿ ಮಾಡಿದ್ದನ್ನು ನೀವೆಲ್ಲ ಮಾಡಿ. ನನಗೆ ಅಂತ ಬೇರೆ ಏನೂ ಬೇಡ.

ನಿಮ್ಮ ಭಯ ನನಗೆ ಅರ್ಥವಾಗುವುದಿಲ್ಲ ಅಂತ ತಿಳಿಯಬೇಡಿ. ನಿಮ್ಮಲ್ಲಿ ಎಷ್ಟೋ ಜನ ಓದಿದ ಕಾಲದಲ್ಲಿ ಈ ಕಾಯಿಲೆಗೆ ಔಷಧಿ ನಮ್ಮ ಊರಲ್ಲಿ ಸಿಗುತ್ತಿರಲಿಲ್ಲ. ಭಾರತದಲ್ಲಿ ಮೊದಲ ಸೋಂಕು ಪತ್ತೆಯಾಗಿದ್ದು 1986ರಲ್ಲಿ, ಮದ್ರಾಸಿನಲ್ಲಿ. ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ 1996ರಲ್ಲಿ ಹೊರದೇಶಗಳಲ್ಲಿ ಶುರುವಾಯಿತು. ನಮ್ಮಂಥವರಿಗೆ ಸರ್ಕಾರ ಅದನ್ನು ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ನಡುವಿನ ಆ ಎಂಟು ವರ್ಷದಲ್ಲಿ ಸತ್ತವರು ನಿಮ್ಮ ಕಣ್ಣ ಮುಂದೆಯೇ ಸತ್ತಿರುತ್ತಾರೆ. ಆಗಿನ ಗೋಡೆಗಳ ಮೇಲೆ ತಲೆಬುರುಡೆಯ ಚಿತ್ರ ಹಾಕಿ ‘ಮಾರಕ ರೋಗ’ ಅಂತ ಬರೆದಿರುತ್ತಿದ್ದರು. ಆ ಚಿತ್ರ ನನ್ನ ತಲೆಯಲ್ಲೂ ಇತ್ತು. ರಿಪೋರ್ಟ್ ಬಂದ ದಿನ ನನಗೆ ಮೊದಲು ಕಂಡಿದ್ದು ಅದೇ.

ಆದರೆ ಆಮೇಲೆ ಏನೇನಾಯಿತು ಅನ್ನುವುದು ನನ್ನ ಮೈಮೇಲೇ ಇದೆ. ಹೆರಿಗೆ ನೋವು ಬಂದಾಗ ನನಗೆ ಒಂದು ನೆವಿರಾಪಿನ್ ಮಾತ್ರೆ, ಮಗು ಹುಟ್ಟಿದ ಮೇಲೆ ಅದಕ್ಕೆ ಸಿರಪ್. ಆಗ ಇದ್ದಿದ್ದು ಅಷ್ಟೇ. ಏನೂ ಕೊಡದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಬರುತ್ತದೆ ಅಂತ ಕೌನ್ಸೆಲರ್ ಮೇಡಂ ಹೇಳಿದ್ದರು. ಹದಿನೆಂಟು ತಿಂಗಳಾದ ಮೇಲೆ ಕೊನೆಯ ಟೆಸ್ಟ್. ಆ ಹದಿನೆಂಟು ತಿಂಗಳನ್ನು ನಾನು ಹೇಗೆ ಕಳೆದೆ ಅಂತ ಬರೆಯಲು ಬರುವುದಿಲ್ಲ. ನೆಗೆಟಿವ್ ಬಂತು. ಈಗ ಅವನು ನನಗಿಂತ ಒಂದು ಮೊಳ ಎತ್ತರ ಇದ್ದಾನೆ. ಇವತ್ತಿನ ಬಸುರಿಯರಿಗೆ ಗೊತ್ತಾದ ದಿನದಿಂದಲೇ ಪೂರ್ತಿ ಚಿಕಿತ್ಸೆ ಕೊಡುತ್ತಾರೆ. ಸರಿಯಾಗಿ ತಗೊಂಡರೆ ಮಗುವಿಗೆ ಬರುವುದು ನೂರಕ್ಕೆ ಐದಕ್ಕಿಂತಲೂ ಕಮ್ಮಿ.

ನನಗೆ ಮಾತ್ರ ಆಗಲೇ ಮಾತ್ರೆ ಶುರು ಮಾಡಲಿಲ್ಲ. ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗೆ ಇಳಿಯಲಿ ಅಂತ ಕಾಯುವ ಕಾಲ ಅದು. ರೋಗಕ್ಕಾಗಿಯೇ ಕಾಯುವುದು. 2008ರಲ್ಲಿ ಇಳಿಯಿತು, ಟಿಬಿಯೂ ಬಂತು. ಶಿವಾಜಿನಗರದಲ್ಲಿ ಬಸ್ ಇಳಿದು ಬೌರಿಂಗ್ ಆಸ್ಪತ್ರೆಯ ಎಆರ್‌ಟಿ ಸೆಂಟರ್‌ಗೆ ನಡೆದುಕೊಂಡು ಹೋಗಲು ನಾಲ್ಕು ಕಡೆ ಕೂರಬೇಕಾಗುತ್ತಿತ್ತು. ಮೊದಲು ಕೊಟ್ಟ ಮಾತ್ರೆಯಲ್ಲಿ ಸ್ಟಾವುಡಿನ್ ಇತ್ತು. ದಿನಕ್ಕೆ ಎರಡು ಸಲ. ಜೀವ ಉಳಿಯಿತು, ಆದರೆ ಕೆನ್ನೆ ಒಳಗೆ ಹೋಯಿತು, ಪಾದ ಉರಿಯಿತು. ನಮ್ಮ ನಮ್ಮಲ್ಲಿ ಮುಖ ನೋಡಿದರೆ ಸಾಕು, ಇವರೂ ನಮ್ಮವರೇ ಅಂತ ಗೊತ್ತಾಗುತ್ತಿತ್ತು. ಆಮೇಲೆ ಮಾತ್ರೆ ಬದಲಾಯಿತು. ರಾತ್ರಿ ಒಂದೇ ಮಾತ್ರೆ ಬಂತು, ಅದು ತಗೊಂಡರೆ ತಲೆ ತಿರುಗಿ ಕೆಟ್ಟ ಕನಸು. ಕೋವಿಡ್ ಆದಮೇಲೆ ಈಗಿನದು ಬಂತು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದರಲ್ಲೇ ಇರುವ ಮಾತ್ರೆ. ನಾವು ಟಿಎಲ್‌ಡಿ ಅನ್ನುತ್ತೇವೆ. ದಿನಕ್ಕೊಂದು. ಕನಸೂ ಇಲ್ಲ, ಕೆನ್ನೆಯೂ ಸರಿ. 2017ರಿಂದ ಸಿಡಿ4 ಇಳಿಯಲಿ ಅಂತ ಕಾಯಿಸುವುದನ್ನೂ ಬಿಟ್ಟಿದ್ದಾರೆ. ಪಾಸಿಟಿವ್ ಅಂತ ಗೊತ್ತಾದ ತಕ್ಷಣ ಶುರು.

ಡಬ್ಬಿಯಲ್ಲಿ 30 ಮಾತ್ರೆ ಇರುತ್ತದೆ. ಬಸ್ಸಿನಲ್ಲಿ ತರುವಾಗ ಬ್ಯಾಗಿನೊಳಗೆ ಗಲಗಲ ಅನ್ನುತ್ತದೆ. ಪಕ್ಕದವರು ‘ಏನಮ್ಮ ಅದು’ ಅಂತ ಕೇಳಬಾರದು ಅಂತ ನಾನು ಮನೆಯಿಂದಲೇ ಹತ್ತಿ ತಗೊಂಡು ಹೋಗುತ್ತೇನೆ. ಸೆಂಟರ್‌ನ ಹೊರಗೆ ನಿಂತು ಡಬ್ಬಿ ಬಿಚ್ಚಿ, ಹತ್ತಿ ತುರುಕಿ, ಮುಚ್ಚಳ ಹಾಕಿ, ಒಂದು ಸಲ ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ. ಸದ್ದು ಬರದಿದ್ದರೆ ಬಸ್ ಸ್ಟ್ಯಾಂಡ್ ಕಡೆ ಹೊರಡುತ್ತೇನೆ. ನಾನೊಬ್ಬಳೇ ಅಲ್ಲ, ಎಷ್ಟೋ ಜನ ಹೀಗೇ ಮಾಡುತ್ತಾರೆ.

ವರ್ಷಕ್ಕೊಂದು ಸಲ ವೈರಲ್ ಲೋಡ್ ಟೆಸ್ಟ್, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವುದು. ಐದು ವರ್ಷದಿಂದ ನನ್ನ ರಿಪೋರ್ಟ್‌ನಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಬರುತ್ತಿದೆ. ಅಂದರೆ ಹುಡುಕಿದರೂ ಮಷಿನ್‌ಗೆ ಸಿಗದಷ್ಟು ಕಮ್ಮಿ. ಹಾಗೆ ಇರುವವರಿಂದ ಸಂಗಾತಿಗೆ ಲೈಂಗಿಕವಾಗಿ ಹರಡುವುದೇ ಇಲ್ಲ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಯುರೋಪಿನಲ್ಲಿ ಪಾರ್ಟ್‌ನರ್ ಅನ್ನುವ ಅಧ್ಯಯನದ ಎರಡನೇ ಹಂತದಲ್ಲಿ 782 ಪುರುಷ ಜೋಡಿಗಳನ್ನು ವರ್ಷಗಟ್ಟಲೆ ನೋಡಿದರು. ಒಬ್ಬರಿಗೆ ಇದೆ, ಇನ್ನೊಬ್ಬರಿಗೆ ಇಲ್ಲ. ಕಾಂಡೋಮ್ ಇಲ್ಲದೆ 76,000 ಸಲಕ್ಕೂ ಹೆಚ್ಚು ಕೂಡಿದ್ದರು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಬರಲಿಲ್ಲ. 2019ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗಂಡಸು ಹೆಂಗಸಿನ ಜೋಡಿಗಳಲ್ಲೂ ಹೀಗೇ ಆಗಿದ್ದು ಅದಕ್ಕೆ ಮುಂಚೆಯೇ ಗೊತ್ತಾಗಿತ್ತು. ನೀವು ಓದಿರುತ್ತೀರಿ.

ಸೂಜಿ ಚುಚ್ಚಿಕೊಳ್ಳುವ ವಿಷಯ ಬೇರೆ ಅಂತ ನನಗೂ ಗೊತ್ತು. ಅಲ್ಲಿ ಸೊನ್ನೆ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಲೆಕ್ಕ ನೋಡಿ. ಚಿಕಿತ್ಸೆಯೇ ಇಲ್ಲದವರ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ, ಅದೇ ಥರ ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಬರುವ ಸಾಧ್ಯತೆ ನೂರಕ್ಕೆ 6ರಿಂದ 30. ಹೆಪಟೈಟಿಸ್ ಬಿ ಇರುವವರ ಫೈಲಿನ ಮೇಲೆ ಇಷ್ಟು ದಪ್ಪಗೆ ಬರೆದಿದ್ದನ್ನು ನಾನು ನೋಡಿಲ್ಲ. ಒಂದು ವೇಳೆ ಚುಚ್ಚಿದರೂ ದಾರಿ ಇದೆ. 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಸೋಂಕು ತಗುಲದಂತೆ ತಡೆಯುವ ಪೆಪ್ ಮಾತ್ರೆ ಶುರು ಮಾಡಿ 28 ದಿನ ತಗೊಳ್ಳಬೇಕು. ನಿಮ್ಮ ಓಟಿಯ ಆಯಾಗೆ, ಕಸ ಎತ್ತುವವರಿಗೆ ಇದನ್ನು ಯಾರಾದರೂ ಹೇಳಿದ್ದೀರಾ? ನಾನು ಅಡ್ಮಿಟ್ ಆಗಿದ್ದ ಕಡೆ ಆಯಾನ ಕೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದವರು ಹೆದರದೆ ಏನು ಮಾಡುತ್ತಾರೆ?

ಇನ್ನೊಂದು ಮಾತು. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಟೆಸ್ಟ್ ಮಾಡಿಸುತ್ತೀರಿ, ಎಷ್ಟೋ ಸಲ ಯಾವುದರ ಟೆಸ್ಟ್ ಅಂತ ಹೇಳದೆಯೇ. ನೆಗೆಟಿವ್ ಬಂದರೆ ನೆಮ್ಮದಿ. ಆದರೆ ಸೋಂಕು ತಗುಲಿದ ಮೊದಲ ಕೆಲವು ವಾರ ಟೆಸ್ಟ್ ನೆಗೆಟಿವ್ ತೋರಿಸಬಹುದು, ಆಗಲೇ ರಕ್ತದಲ್ಲಿ ವೈರಸ್ ಜಾಸ್ತಿ ಇರುವುದು. ನಮ್ಮ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನಕ್ಕೆ ಎಚ್‌ಐವಿ ಇದೆ. ಅವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ತಮಗಿದೆ ಅಂತಲೇ ಗೊತ್ತಿಲ್ಲ. ಅವರ ಫೈಲಿನ ಮೇಲೆ ಕೆಂಪು ಅಕ್ಷರ ಇರುವುದಿಲ್ಲ. ಮಾತ್ರೆ ನುಂಗಿ, ಲೋಡ್ ಇಳಿಸಿಕೊಂಡು, ನಿಮ್ಮ ಮುಂದೆ ಬಂದು ಬಾಯಿಬಿಟ್ಟು ಹೇಳುವ ನನ್ನಂಥವರನ್ನು ಕಂಡರೆ ಹೆದರುತ್ತೀರಿ. ಪ್ರತಿಯೊಬ್ಬರ ರಕ್ತವನ್ನೂ ಒಂದೇ ಎಚ್ಚರಿಕೆಯಿಂದ ಮುಟ್ಟಬೇಕು ಅಂತ ನಿಮ್ಮ ಪುಸ್ತಕವೇ ಹೇಳುತ್ತದಲ್ವಾ? ಆ ರಾತ್ರಿ ಪಾಳಿಯ ಹುಡುಗಿ ಅದನ್ನೇ ಮಾಡಿದ್ದು.

ಕಾನೂನೂ ಇದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಪಾಸಾಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆ ಕೊಡದೆ ಕಳಿಸುವುದು, ಬೇರೆ ರೀತಿ ನಡೆಸಿಕೊಳ್ಳುವುದು ತಪ್ಪು. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ. ನಮ್ಮ ವಿಷಯ ಹೊರಗೆ ಬಿಡುವ ಹಾಗಿಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಆಸ್ಪತ್ರೆಯಲ್ಲಿ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಸಿಬ್ಬಂದಿಗೆ ರಕ್ಷಣೆಯ ಸಾಮಾನು, ಪೆಪ್ ಕೊಡಬೇಕಾದ್ದು ಆಸ್ಪತ್ರೆಯ ಕೆಲಸ. ಹಾಗಾಗಿ ಆ 8,000 ರೂಪಾಯಿ ನನ್ನಿಂದ ತಗೊಂಡಿದ್ದು ಸರಿಯಲ್ಲ. ಈ ಕಾಯ್ದೆ ಇದೆ ಅಂತ ನಾನು ಆ ಕೌಂಟರ್‌ನಲ್ಲಿ ಹೇಳಬಹುದಿತ್ತು. ಹೊಟ್ಟೆ ಹಿಡಿದುಕೊಂಡು ನಿಂತವಳಿಗೆ ಕಾಯ್ದೆ ಬಾಯಿಗೆ ಬರುವುದಿಲ್ಲ.

ಹಾಗಾದರೆ ಯಾಕೆ ಹೇಳಿದಿರಿ, ಸುಮ್ಮನಿದ್ದುಬಿಡಬಹುದಿತ್ತಲ್ಲ ಅಂತ ನಮ್ಮ ಬೆಂಚಿನವರೇ ನನ್ನನ್ನು ಬೈದರು. ಬೆಂಚಿನ ಮೇಲೆ ನನ್ನ ಪಕ್ಕ ಕೂರುವ ಒಬ್ಬರಿದ್ದಾರೆ, ಹೂವು ಮಾರುತ್ತಾರೆ. ಒಂದು ಸಲ ಹಲ್ಲಿನ ಡಾಕ್ಟರ್ ಹತ್ತಿರ ನಿಜ ಹೇಳಿ, ಬಾಯಿ ತೆರೆದುಕೊಂಡು ಕೂತಿದ್ದ ಕುರ್ಚಿಯಿಂದಲೇ ಎಬ್ಬಿಸಿ ಕಳಿಸಿಕೊಂಡವರು. ಅವತ್ತಿನಿಂದ ಯಾವ ಡಾಕ್ಟರ್‌ಗೂ ಹೇಳಿಲ್ಲ. ಎರಡು ಹಲ್ಲು ಕೀಳಿಸಿಕೊಂಡರು, ಹೇಳಲಿಲ್ಲ. ಮಂಡಿನೋವಿಗೆ ಬೇರೆ ಕಡೆ ತೋರಿಸಿ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದರು, ಅಲ್ಲೂ ಹೇಳಲಿಲ್ಲ. ಟೆನೊಫೊವಿರ್ ತಗೊಳ್ಳುವವರು ಕಿಡ್ನಿ ಮೇಲೆ ಒಂದು ಕಣ್ಣಿಟ್ಟಿರಬೇಕು, ಅದರ ಜೊತೆ ಆ ನೋವಿನ ಮಾತ್ರೆ ಕೆಟ್ಟದ್ದು. ಎಆರ್‌ಟಿ ಸೆಂಟರ್‌ನಲ್ಲಿ ರಕ್ತ ತೆಗೆದಾಗ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಆ ಮಂಡಿನೋವಿನ ಡಾಕ್ಟರ್ ತಪ್ಪು ಮಾಡಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಹೇಳಬೇಡ ಅಂತ ಅವರ ಬಾಯಿ ಕಟ್ಟಿದ್ದು ಆ ಹಲ್ಲಿನ ಕುರ್ಚಿ.

ನಾನು ಹೇಳಿದ್ದು ಅದಕ್ಕೇ. ನನ್ನ ಮಾತ್ರೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್‌ಗೆ ಕುಡಿಯುವ ಆ್ಯಂಟಾಸಿಡ್ ಜೊತೆ ಹೊಂದುವುದಿಲ್ಲ, ಸಮಯ ಬಿಟ್ಟು ತಗೊಳ್ಳಬೇಕು. ಆಪರೇಷನ್ ಆದವಳಿಗೆ ಇವೆಲ್ಲ ಬರೆದುಕೊಡುತ್ತೀರಿ. ನಿಮಗೆ ಗೊತ್ತಿರಲಿ ಅಂತ ಹೇಳಿದೆ, ನಿಮ್ಮ ಮೇಲೆ ನಂಬಿಕೆ ಇಟ್ಟು ಹೇಳಿದೆ.

ಈಗ ತಡೆಯುವ ಔಷಧಿಯ ಕಾಲ ಬಂದಿದೆ. ಸೋಂಕು ಇಲ್ಲದವರು, ತಗುಲುವ ಅಪಾಯ ಇದ್ದರೆ, ಮುಂಚೆಯೇ ದಿನಕ್ಕೊಂದು ಮಾತ್ರೆ ತಗೊಂಡು ತಡೆಯಬಹುದು. ಅದಕ್ಕೆ ಪ್ರೆಪ್ ಅನ್ನುತ್ತಾರೆ. 2012ರಿಂದ ಇದೆ. ಹೊಸದಾಗಿ ಲೆನಾಕ್ಯಾಪವಿರ್ ಅಂತ ಇಂಜೆಕ್ಷನ್ ಬಂದಿದೆ, ಆರು ತಿಂಗಳಿಗೆ ಒಂದು ಸಲ. ದಕ್ಷಿಣ ಆಫ್ರಿಕಾ, ಉಗಾಂಡದಲ್ಲಿ 2,134 ಹೆಣ್ಣುಮಕ್ಕಳಿಗೆ ಕೊಟ್ಟು ನೋಡಿದರು. 2024ರಲ್ಲಿ ಫಲಿತಾಂಶ ಬಂದಾಗ ಅವರಲ್ಲಿ ಒಬ್ಬರಿಗೂ ಸೋಂಕು ಬಂದಿರಲಿಲ್ಲ. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಿ ಅಂತ ಹೇಳಿತು. ಅಮೆರಿಕದಲ್ಲಿ ವರ್ಷಕ್ಕೆ 28,000 ಡಾಲರ್ ದಾಟುವ ಈ ಔಷಧಿಯನ್ನು 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಕೊಡುತ್ತೇವೆ ಅಂತ ಹೈದರಾಬಾದಿನ ಡಾ. ರೆಡ್ಡೀಸ್, ಹೆಟೆರೊ ಕಂಪನಿಗಳು ಹೇಳಿವೆ. ಕೌನ್ಸೆಲರ್ ಮೇಡಂ ಇದನ್ನು ಹೇಳಿದಾಗ ನಾನು ಅಲ್ಲೇ ಅತ್ತುಬಿಟ್ಟೆ. 2008ರಲ್ಲಿ ನನ್ನ ಜೊತೆ ಅದೇ ಬೆಂಚಿನಲ್ಲಿ ಕೂತಿದ್ದವರಲ್ಲಿ ನಾಲ್ಕು ಜನ ಈಗ ಇಲ್ಲ.

ಆದರೆ ಆ ಇಂಜೆಕ್ಷನ್ ಬೇಕು ಅಂತ ಬರುವ ಹುಡುಗನೋ ಹುಡುಗಿಯೋ ನಿಮ್ಮ ಮೇಜಿನ ಮುಂದೆ ಕೂತು, ತನ್ನ ಬದುಕಿನ ಬಗ್ಗೆ ಮನೆಯಲ್ಲಿ ಯಾರಿಗೂ ಹೇಳದ್ದನ್ನು ನಿಮಗೆ ಹೇಳಬೇಕು. ಆಗ ನೀವು ಪೆನ್ನಿನ ಕ್ಯಾಪ್ ಮುಚ್ಚಿದರೆ ಆ ಮಗು ಎದ್ದು ಹೋಗುತ್ತದೆ. ಎಂಥ ಔಷಧಿ ಬಂದರೂ ಬಾಗಿಲಿಂದ ಆಚೆಯೇ ಉಳಿಯುತ್ತದೆ.

ಮಂಚಕ್ಕೆ ನೇತುಹಾಕಿದ ಫೈಲಿನಿಂದ ಆ ಕೆಂಪು ಅಕ್ಷರ ತೆಗೆಸಿ. ಚಿಕಿತ್ಸೆ ಕೊಡುವವರಿಗೆ ಗೊತ್ತಾಗಬೇಕಾದ್ದು ಫೈಲಿನ ಒಳಗಿರಲಿ. ದೂರು ಕೇಳುವವರ ಹೆಸರು, ಫೋನ್ ನಂಬರನ್ನು ರಿಸೆಪ್ಷನ್‌ನಲ್ಲಿ ರೇಟ್ ಪಟ್ಟಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆಸಿ. ಜೊತೆಗೆ 1097 ಅನ್ನುವ ಉಚಿತ ಸಹಾಯವಾಣಿ ನಂಬರನ್ನೂ. ಆಯಾಗಳನ್ನು, ವಾರ್ಡ್‌ಬಾಯ್‌ಗಳನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ಗ್ಲೌಸ್, ಸೂಜಿ, ಪೆಪ್ ಬಗ್ಗೆ ತಿಳಿಸಿ. ಆರೋಗ್ಯ ಇಲಾಖೆಯ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಖಾಸಗಿ ಆಸ್ಪತ್ರೆಗಳ ನೋಂದಣಿ ನವೀಕರಿಸುವಾಗ ಫೈರ್ ಸೇಫ್ಟಿ ನೋಡುತ್ತೀರಿ, ಕಸದ ಬಣ್ಣದ ಬುಟ್ಟಿ ನೋಡುತ್ತೀರಿ. ಎಚ್‌ಐವಿ ದೂರು ಅಧಿಕಾರಿ ಯಾರು ಅಂತಲೂ ಕೇಳಿ. ಉತ್ತರ ಬರದಿದ್ದರೆ ಬರುವ ತನಕ ಸಹಿ ಹಾಕಬೇಡಿ.

ಎರಡು ವಾರದಿಂದ ನನ್ನ ಬಲಗಡೆ ದವಡೆ ಹಲ್ಲು ನೋಯುತ್ತಿದೆ. ಲವಂಗ ಇಟ್ಟುಕೊಂಡು ಹೊಲಿಯುತ್ತಿದ್ದೇನೆ. ಗೌರಿ ಹಬ್ಬದ ಆರ್ಡರ್ ಮುಗಿದ ಮೇಲೆ, ಸೋಮವಾರ, ನಿಮ್ಮಲ್ಲಿ ಒಬ್ಬರ ಹತ್ತಿರ ಬರುತ್ತೇನೆ. ಎಆರ್‌ಟಿ ಸೆಂಟರ್‌ನವರು ಕೊಟ್ಟ ಹಸಿರು ಬುಕ್ಕು, ಕೊನೆಯ ವೈರಲ್ ಲೋಡ್ ರಿಪೋರ್ಟ್ ಎರಡೂ ಬ್ಯಾಗಿನಲ್ಲಿರುತ್ತವೆ. ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳುತ್ತೇನೆ.

ಇಂತಿ,
ಸುಂಕದಕಟ್ಟೆಯ ಒಬ್ಬ ಟೈಲರ್